ಹುಂಜದ ಆಯ್ಕೆ: ತಳಿ ಮಾನದಂಡಕ್ಕೆ ತಕ್ಕ ಎಳೆ ಹುಂಜಗಳ ಪರೀಕ್ಷೆ

ಕೋಳಿ ತಳಿಯೊಂದನ್ನು ಉಳಿಸಲು ಅಥವಾ ಸುಧಾರಿಸಲು ಸಾಕುವವರು, ವರ್ಷ ತುಂಬದ ಗಂಡುಗಳನ್ನು ಆ ತಳಿಯ ಲಿಖಿತ ಲಕ್ಷಣಗಳ ಜೊತೆ ಹೋಲಿಸಿ ನೋಡಿ, ಮುಂದಿನ ಪೀಳಿಗೆಗೆ ತಂದೆಯಾಗಬಲ್ಲವನ್ನು ಆರಿಸಿಕೊಳ್ಳುವ ಕ್ರಮ. ಮರಿಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮನಾಗಿ ಹುಟ್ಟುತ್ತವೆ. ಆದರೆ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಐವತ್ತು ಮರಿ ಎದ್ದರೆ ಅವುಗಳಲ್ಲಿ ಇಪ್ಪತ್ತೈದರಷ್ಟು ಗಂಡು. ಅವುಗಳಲ್ಲಿ ತಳಿಗೆ ಉಳಿಯುವುದು ಎರಡೋ ಮೂರೋ. ಉಳಿದವು ಅಡುಗೆಮನೆಗೆ ಅಥವಾ ಸಂತೆಗೆ. ಹೆಣ್ಣುಗಳಲ್ಲಿ ಇಷ್ಟು ಬಿಗಿಯಾಗಿ ಜರಡಿ ಹಿಡಿಯಲು ಆಗುವುದಿಲ್ಲ, ಆದ್ದರಿಂದ ತಳಿಯ ದಿಕ್ಕು ಹೆಚ್ಚಾಗಿ ನಿರ್ಧಾರವಾಗುವುದು ಹುಂಜದ ಆಯ್ಕೆಯಲ್ಲಿ. ಈ ಕೆಲಸದಲ್ಲಿ ಕಣ್ಣು ಮೊದಲು ಓಡುವುದು ಗರಿಯ ಬಣ್ಣದ ಕಡೆಗೆ. ಆದರೆ ನುರಿತ ಸಾಕಣೆಗಾರ ಮೊದಲು ಹಕ್ಕಿಯನ್ನು ಕೈಗೆತ್ತಿಕೊಂಡು ಮೂಳೆ, ಎದೆ, ತೂಕಗಳನ್ನು ನೋಡುತ್ತಾನೆ, ಬಣ್ಣ ಕೊನೆಗೆ.

ಇತಿಹಾಸ

ಭಾರತದಲ್ಲಿ ಹುಂಜದ ಲಕ್ಷಣಗಳನ್ನು ಬರೆದಿಟ್ಟ ಪರಂಪರೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೆ ಒಂದು ಅಧ್ಯಾಯವಿದೆ. ನೆಟ್ಟನೆಯ ಗರಿ ಮತ್ತು ಬೆರಳು, ತಾಮ್ರವರ್ಣದ ಮುಖ, ಉಗುರು, ಜುಟ್ಟು, ಬಿಳಿಯ ಮೈ, ಮುಂಜಾವಿನಲ್ಲಿ ಇಂಪಾದ ಕೂಗು ಇವು ಅಲ್ಲಿ ಶುಭಲಕ್ಷಣಗಳು. ಗ್ರಂಥದ ಉದ್ದೇಶ ಶಕುನ ಹೇಳುವುದಾದರೂ ಬೆರಳು ನೆಟ್ಟಗಿರಬೇಕೆಂಬ ಮಾತು ಇಂದಿನ ತೀರ್ಪುಗಾರರಿಗೂ ಒಪ್ಪುವಂಥದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದವೂ ಸೇರಿದೆ. ಕರ್ನಾಟಕದ ಅರಮನೆಯಲ್ಲಿ ಹುಂಜಗಳನ್ನು ಪರೀಕ್ಷಿಸಿ ಸಾಕುವ ರೂಢಿ ಹನ್ನೆರಡನೆಯ ಶತಮಾನಕ್ಕಾಗಲೇ ಬೇರೂರಿತ್ತು ಎಂಬುದಕ್ಕೆ ಇದು ಸಾಕ್ಷಿ.

ತುಳುನಾಡಿನ ಕೋಳಿ ಅಂಕದಲ್ಲಿ ಹುಂಜಗಳನ್ನು ಬಣ್ಣದಿಂದ ಗುರುತಿಸಿ ಬೊಳ್ಳೆ, ಕೆಮ್ಮೈರೆ, ಉರಿಯೆ ಮುಂತಾಗಿ ಕರೆಯುತ್ತಾರೆ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂದು ಹೇಳುವ ಕುಕ್ಕುಟ ಪಂಚಾಂಗ ಕರಾವಳಿಯಲ್ಲಿ ಪ್ರಸಿದ್ಧ. ಆಂಧ್ರದ ಕರಾವಳಿಯಲ್ಲೂ ಕುಕ್ಕುಟಶಾಸ್ತ್ರದ ಹೆಸರಿನಲ್ಲಿ ಇಂಥದೇ ವಿಂಗಡಣೆ ಉಂಟು. ಇವೆಲ್ಲ ಕಣದಲ್ಲಿ ಗೆಲ್ಲುವ ಹುಂಜವನ್ನು ಹುಡುಕುವ ವಿದ್ಯೆಗಳು. ಅದರ ಮಕ್ಕಳು ಹೇಗಿರುತ್ತವೆ ಎಂಬುದು ಅಲ್ಲಿ ಎರಡನೆಯ ಪ್ರಶ್ನೆ.

ತಳಿಯನ್ನೇ ಗುರಿಯಾಗಿಟ್ಟುಕೊಂಡ ಲಿಖಿತ ಮಾನದಂಡ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ 1835ರಲ್ಲಿ ಕೋಳಿ ಕಾಳಗ ಕಾನೂನುಬಾಹಿರವಾಯಿತು. 1845ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಕೋಳಿ ಪ್ರದರ್ಶನ ನಡೆಯಿತು. ಪ್ರದರ್ಶನ ಎಂದ ಮೇಲೆ ತೀರ್ಪು ಬೇಕು, ತೀರ್ಪಿಗೆ ಎಲ್ಲರೂ ಒಪ್ಪುವ ಅಳತೆ ಬೇಕು. 1865ರಲ್ಲಿ ವಿಲಿಯಂ ಬರ್ನ್‌ಹಾರ್ಡ್ ಟೆಗೆಟ್ಮಯರ್ ಅವರ ಸಂಪಾದಕತ್ವದಲ್ಲಿ ಮೊದಲ ಮಾನದಂಡ ಗ್ರಂಥ ಪ್ರಕಟವಾಯಿತು. ಚಾರ್ಲ್ಸ್ ಡಾರ್ವಿನ್ನರಿಗೆ ಕೋಳಿ, ಪಾರಿವಾಳಗಳ ಮಾಹಿತಿ ಒದಗಿಸುತ್ತಿದ್ದವರೂ ಇದೇ ಟೆಗೆಟ್ಮಯರ್. ಅಮೆರಿಕದಲ್ಲಿ 1873ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಸ್ಥಾಪನೆಯಾಗಿ ಮರುವರ್ಷವೇ ತನ್ನ ಮಾನದಂಡವನ್ನು ಪ್ರಕಟಿಸಿತು. ಅದು ಪರಿಷ್ಕರಣೆಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ. ಭಾರತದ ಅಸೀಲ್ ತಳಿ ಅದರಲ್ಲಿ ಸೇರಿದ್ದು 1981ರಲ್ಲಿ.

ಮಾನದಂಡದ ಸ್ವರೂಪ

ಪಾಶ್ಚಾತ್ಯ ಮಾನದಂಡ ಒಂದು ಆದರ್ಶ ಹಕ್ಕಿಯನ್ನು ಕಲ್ಪಿಸಿ ವರ್ಣಿಸುತ್ತದೆ. ತಲೆ, ಜುಟ್ಟು, ಕೊಕ್ಕು, ಕತ್ತು, ಬೆನ್ನು, ಎದೆ, ರೆಕ್ಕೆ, ಬಾಲ, ಕಾಲು, ಬಣ್ಣ, ತೂಕ ಒಂದೊಂದಕ್ಕೂ ವಿವರಣೆ ಇರುತ್ತದೆ. ವರ್ಷ ತುಂಬದ ಎಳೆ ಹುಂಜ, ವರ್ಷ ದಾಟಿದ ಹುಂಜ, ಹ್ಯಾಟೆ (ಎಳೆ ಹೆಣ್ಣು), ಹೇಂಟೆ (ಬಲಿತ ಹೆಣ್ಣು) ಎಂಬ ನಾಲ್ಕು ವರ್ಗಗಳಿಗೆ ಬೇರೆ ಬೇರೆ ತೂಕ. ಅಮೆರಿಕದ ಮಾನದಂಡದಲ್ಲಿ ರೋಡ್ ಐಲೆಂಡ್ ರೆಡ್ ತಳಿಯ ಬಲಿತ ಹುಂಜಕ್ಕೆ ಎಂಟೂವರೆ ಪೌಂಡು (ಸುಮಾರು 3.85 ಕಿಲೋ), ಎಳೆ ಹುಂಜಕ್ಕೆ ಏಳೂವರೆ ಪೌಂಡು (3.4 ಕಿಲೋ), ಹೇಂಟೆಗೆ ಆರೂವರೆ, ಹ್ಯಾಟೆಗೆ ಐದೂವರೆ ಪೌಂಡು.

ತಪ್ಪುಗಳಲ್ಲೂ ಎರಡು ದರ್ಜೆ. ಅಂಕ ಕಳೆಯುವ ದೋಷಗಳು ಒಂದು ಬಗೆ. ಹಕ್ಕಿಯನ್ನು ಸ್ಪರ್ಧೆಯಿಂದಲೇ ಹೊರಗಿಡುವ ಅನರ್ಹತೆಗಳು ಇನ್ನೊಂದು ಬಗೆ. ಒಂಟಿ ಜುಟ್ಟಿನ ಮಗ್ಗುಲಿನಿಂದ ಮೊಳೆತ ಹೆಚ್ಚುವರಿ ಹಲ್ಲು, ಒಂದೇ ಕಡೆಗೆ ವಾಲಿದ ಬಾಲ, ಕತ್ತರಿಯಂತೆ ಅಡ್ಡವಾದ ಕೊಕ್ಕು, ನುಣುಪು ಕಾಲಿನ ತಳಿಯಲ್ಲಿ ಕಾಲಮೇಲೆ ಗರಿ ಇವು ಎರಡನೆಯ ಬಗೆಯವು.

ಭಾರತದ ಕ್ರಮ ಬೇರೆ. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋ ತಳಿಗಳನ್ನು ನೋಂದಾಯಿಸುವಾಗ ಹಳ್ಳಿಗಳಲ್ಲಿ ಈಗ ಇರುವ ಹಕ್ಕಿಗಳನ್ನು ಅಳೆದು, ಅವುಗಳ ಬಣ್ಣ, ಜುಟ್ಟು, ತೂಕ, ಮೊಟ್ಟೆ, ತವರು ಜಿಲ್ಲೆಗಳನ್ನು ದಾಖಲಿಸುತ್ತದೆ. ಆದರ್ಶ ಹೇಗಿರಬೇಕು ಎಂದು ಅದು ವಿಧಿಸುವುದಿಲ್ಲ. ಇರುವ ವೈವಿಧ್ಯವನ್ನು ಅದು ಹಾಗೆಯೇ ಹೇಳುತ್ತದೆ. ದೇಶೀ ತಳಿಯ ಹುಂಜವನ್ನು ಆರಿಸುವವರು ಈ ಭೇದವನ್ನು ಮರೆಯಬಾರದು. ನೋಂದಣಿ ವಿವರದಲ್ಲಿ ಮೂರು ಬಣ್ಣಗಳನ್ನು ಒಪ್ಪಿರುವಾಗ ಒಂದನ್ನೇ ಶುದ್ಧವೆಂದು ಹಿಡಿದು ಉಳಿದೆರಡನ್ನು ಕಳೆದರೆ, ತಳಿಯ ಒಂದು ಭಾಗವೇ ಕಳೆದುಹೋಗುತ್ತದೆ.

ಗಂಡಿನ ಪಾಲು

ಪ್ರತಿ ಮರಿಗೂ ಅರ್ಧ ವಂಶವಾಹಿಗಳು ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಹತ್ತು ಹೇಂಟೆಗಳ ಗುಂಪಿನಲ್ಲಿ ಒಂದು ಹೇಂಟೆಯ ದೋಷ ಮುಂದಿನ ಪೀಳಿಗೆಯ ಹತ್ತನೇ ಒಂದು ಭಾಗದ ಮರಿಗಳಿಗೆ ತಗುಲಿದರೆ, ಹುಂಜದ ದೋಷ ಎಲ್ಲ ಮರಿಗಳಿಗೂ ತಗುಲಬಲ್ಲದು. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಹೆಣ್ಣು ಮರಿಗೆ ಇರುವ ಒಂದೇ ಝಡ್ ತಂದೆಯಿಂದ ಬಂದದ್ದು. ಹಾಗಾಗಿ ಝಡ್ ಮೇಲೆ ಕುಳಿತ ಗುಣಗಳಲ್ಲಿ, ಉದಾಹರಣೆಗೆ ಬೆಳ್ಳಿ–ಹೊನ್ನು ಬಣ್ಣಭೇದ, ಪಟ್ಟೆ ಗರಿ, ನಿಧಾನವಾಗಿ ಗರಿ ಮೂಡುವಿಕೆ, ಹ್ಯಾಟೆಗಳಿಗೆ ಬರುವುದೆಲ್ಲ ಅಪ್ಪನಿಂದಲೇ.

ಪಟ್ಟೆ ಗರಿಯ ಪ್ಲಿಮತ್ ರಾಕ್ ಇದಕ್ಕೆ ಪ್ರಸಿದ್ಧ ನಿದರ್ಶನ. ಹುಂಜದಲ್ಲಿ ಪಟ್ಟೆಯ ವಂಶವಾಹಿ ಎರಡು, ಹೇಂಟೆಯಲ್ಲಿ ಒಂದು. ಆದ್ದರಿಂದ ಒಡಹುಟ್ಟಿದವುಗಳಲ್ಲೇ ಗಂಡು ಹೆಚ್ಚು ಬೆಳ್ಳಗೆ, ಹೆಣ್ಣು ಹೆಚ್ಚು ಕಪ್ಪಗೆ ಕಾಣುತ್ತದೆ. ಇಬ್ಬರೂ ಒಂದೇ ಛಾಯೆಯಲ್ಲಿರಬೇಕೆಂದು ಪ್ರದರ್ಶನಕಾರರು ಹಟ ಹಿಡಿದಾಗ, ಒಳ್ಳೆಯ ಹುಂಜಗಳಿಗೆ ಒಂದು ಸಂತಾನಸಾಲು, ಒಳ್ಳೆಯ ಹ್ಯಾಟೆಗಳಿಗೆ ಇನ್ನೊಂದು ಸಾಲು ಎಂದು ಎರಡು ಗುಂಪು ಸಾಕಬೇಕಾಯಿತು. ಪಟ್ಟೆ ತಳಿಯ ಎಳೆ ಹುಂಜವನ್ನು ಅದರ ಅಕ್ಕತಂಗಿಯರ ಬಣ್ಣಕ್ಕೆ ಹೋಲಿಸಿ ತಿರಸ್ಕರಿಸುವುದು ತಪ್ಪು ಎಂಬುದು ಇದರ ಪಾಠ.

ಒಂದೇ ಅತ್ಯುತ್ತಮ ಹುಂಜವನ್ನು ಇಟ್ಟುಕೊಂಡು ಉಳಿದವನ್ನೆಲ್ಲ ಕಳೆಯುವುದರಲ್ಲೂ ಅಪಾಯವಿದೆ. ಒಂದು ಹುಂಜ, ಹತ್ತು ಹೇಂಟೆಗಳ ಗುಂಪು ಅನುವಂಶಿಕ ಲೆಕ್ಕದಲ್ಲಿ ನಾಲ್ಕು ಹಕ್ಕಿಗಳಿಗಿಂತ ಕಡಿಮೆ. ಪೀಳಿಗೆಯೊಂದಕ್ಕೆ ಒಳಸಂಕರಣ ಸುಮಾರು ಶೇ 14ರಷ್ಟು ಏರುತ್ತದೆ. ಅದೇ ಹತ್ತು ಹೇಂಟೆಗಳಿಗೆ ಸರದಿಯಲ್ಲಿ ನಾಲ್ಕು ಹುಂಜಗಳನ್ನು ಬಿಟ್ಟರೆ ಏರಿಕೆ ಶೇ 4.4ಕ್ಕೆ ಇಳಿಯುತ್ತದೆ. ಅಣ್ಣ ತಂಗಿಯರ ಕೂಡಿಕೆಯಲ್ಲಿ ಈ ಪ್ರಮಾಣ ಶೇ 25. ಒಳಸಂಕರಣ ಏರಿದಂತೆ ಮೊದಲು ಕುಗ್ಗುವುದು ಮೊಟ್ಟೆಯೊಳಗೆ ಮರಿ ಕಟ್ಟುವ ಪ್ರಮಾಣ, ಆಮೇಲೆ ಮರಿಗಳ ಬದುಕುಳಿಯುವಿಕೆ. ಹೀಗಾಗಿ ಆಯ್ಕೆಯ ಗುರಿ ಒಂದು ಹುಂಜದ ಬದಲು ಬೇರೆ ಬೇರೆ ತಾಯಂದಿರ ಮೂರು ನಾಲ್ಕು ಹುಂಜಗಳಾಗಿರಬೇಕು.

ವಯಸ್ಸಿನ ಹಂತಗಳು

ಎಳೆ ಹುಂಜವನ್ನು ಒಂದೇ ಸಲ ನೋಡಿ ತೀರ್ಮಾನಿಸಲಾಗದು. ಬೇರೆ ಬೇರೆ ಗುಣಗಳು ಬೇರೆ ಬೇರೆ ವಯಸ್ಸಿನಲ್ಲಿ ಸ್ಪಷ್ಟವಾಗುತ್ತವೆ.

ಮೊಟ್ಟೆಯೊಡೆದ ದಿನವೇ ಕಾಲುಂಗುರ ಅಥವಾ ರೆಕ್ಕೆಪಟ್ಟಿ ಹಾಕಿ ತಾಯಿ ತಂದೆಯರ ಗುರುತು ಬರೆದಿಡಬೇಕು. ಕಾಲಿನ ಬೆರಳುಗಳ ಸಂಖ್ಯೆ, ಕೊಕ್ಕು, ಜುಟ್ಟಿನ ಬಗೆ ಆಗಲೇ ತಿಳಿಯುತ್ತವೆ. ನಾಲ್ಕರಿಂದ ಆರು ವಾರಗಳಲ್ಲಿ ಗರಿ ಮೂಡುವ ವೇಗ ಮತ್ತು ಚುರುಕುತನ ಕಾಣುತ್ತವೆ. ಎಂಟನೆಯ ವಾರ ತೂಕ ತೆಗೆಯುವ ಕಾಲ. ಜೊತೆಗೆ ಹುಟ್ಟಿ ಒಂದೇ ಮೇವು ತಿಂದ ಅಣ್ಣತಮ್ಮಂದಿರ ನಡುವೆ ಹಿಂದೆ ಬಿದ್ದವು ಇಲ್ಲಿಯೇ ಹೊರಹೋಗುತ್ತವೆ. ತೂಕದ ಅನುವಂಶೀಯತೆ ಮಧ್ಯಮದಿಂದ ಹೆಚ್ಚು, ಆದ್ದರಿಂದ ಈ ಒಂದು ಅಳತೆಯೇ ಮುಂದಿನ ಪೀಳಿಗೆಯಲ್ಲಿ ಫಲ ತೋರಿಸುತ್ತದೆ.

ಹನ್ನೆರಡರಿಂದ ಹದಿನಾರು ವಾರಗಳ ಹೊತ್ತಿಗೆ ಅಸ್ಥಿಪಂಜರ ರೂಪುಗೊಂಡಿರುತ್ತದೆ. ಮುಖ್ಯ ಕೈಪರೀಕ್ಷೆ ನಡೆಯುವುದು ಈಗ. ಅಮೆರಿಕದಲ್ಲಿ ಅಪರೂಪದ ತಳಿಗಳನ್ನು ಕಾಪಾಡುವ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಸಂಸ್ಥೆ ಬಕ್‌ಐ ತಳಿಯನ್ನು ಮತ್ತೆ ಮಾಂಸಲವಾಗಿಸಲು ಹೊರಟಾಗ ನೆಚ್ಚಿಕೊಂಡದ್ದು ಎಂಟು ಮತ್ತು ಹದಿನಾರು ವಾರಗಳ ಪರೀಕ್ಷೆಗಳನ್ನೇ. ಅದರ ಮೂಲ ವಿಧಾನಗಳು ವಾಲ್ಟರ್ ಹೋಗನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದ ಕೈಪಿಡಿಯಿಂದ ಬಂದವು.

ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರಗಳಲ್ಲಿ ಕತ್ತು ಮತ್ತು ಸೊಂಟದ ಮೊನಚು ಗರಿಗಳು, ಬಾಲದ ಬಾಗುಗರಿಗಳು ತುಂಬಿಕೊಳ್ಳುತ್ತವೆ. ಬಣ್ಣದ ತೀರ್ಪು ಇದಕ್ಕಿಂತ ಮೊದಲು ನಂಬುವಂಥದಲ್ಲ. ಮರಿಗರಿಯಲ್ಲಿ ಕಂಡ ಕಪ್ಪು ಬಿಳಿ ಮಚ್ಚೆ ದೊಡ್ಡ ಗರಿ ಬಂದಾಗ ಅಳಿದುಹೋಗುವುದುಂಟು. ಅಸೀಲ್‌ನಂಥ ನಿಧಾನ ಬೆಳೆಯುವ ತಳಿಗಳಿಗೆ ಇನ್ನೂ ಹೆಚ್ಚು ಸಮಯ ಕೊಡಬೇಕು. ನಾಲ್ಕು ತಿಂಗಳಲ್ಲಿ ಬಡಕಲಾಗಿ, ಉದ್ದ ಕಾಲು ಮಾತ್ರ ಕಾಣುವ ಅಸೀಲ್ ಮರಿ ವರ್ಷ ತುಂಬುವಾಗ ಎದೆ ತುಂಬಿ ನಿಲ್ಲಬಹುದು. ಎಂಟು ಹತ್ತು ವಾರಕ್ಕೆ ಗಂಡು ಹೆಣ್ಣುಗಳನ್ನು ಬೇರೆ ಮಾಡಿದರೆ ಹ್ಯಾಟೆಗಳಿಗೂ ನೆಮ್ಮದಿ, ಹುಂಜಗಳ ಬೆಳವಣಿಗೆಯನ್ನು ತಾಳೆ ನೋಡುವುದೂ ಸುಲಭ.

ಕೈಪರೀಕ್ಷೆ

ಹಕ್ಕಿಯನ್ನು ಸಂಜೆ, ಅದು ಶಾಂತವಾಗಿ ಕೋಲಿನ ಮೇಲೆ ಕುಳಿತಾಗ ಹಿಡಿಯುವುದು ಒಳ್ಳೆಯದು. ಒಂದು ಅಂಗೈಯನ್ನು ಎದೆಯ ಕೆಳಗಿಟ್ಟು, ಎರಡು ಕಾಲುಗಳ ನಡುವೆ ಬೆರಳು ತೂರಿಸಿ ಹಿಡಿದರೆ ಅದು ಒದ್ದಾಡುವುದಿಲ್ಲ.

ಮೊದಲು ತಲೆಬುರುಡೆ. ಅಗಲವಾದ ತಲೆ ಸಾಮಾನ್ಯವಾಗಿ ಅಗಲವಾದ ಮೈಯ ಸೂಚನೆ. ಮುಂದೆ ಬೆನ್ನು: ಭುಜದಿಂದ ಬಾಲದ ಬುಡದವರೆಗೆ ಬೆರಳು ಆಡಿಸಿದಾಗ ಅಗಲ ಹಠಾತ್ತನೆ ಕಿರಿದಾಗಬಾರದು, ಮೂಳೆ ಗೂನಾಗಿ ಏಳಬಾರದು. ರೆಕ್ಕೆಗಳ ಹಿಂದೆ ಎದೆಗೂಡನ್ನು ಎರಡು ಕೈಗಳಿಂದ ಬಳಸಿದಾಗ ತುಂಬಿಕೊಂಡಿದ್ದರೆ ಹೃದಯ, ಶ್ವಾಸಕೋಶಗಳಿಗೆ ಜಾಗವಿದೆ ಎಂದರ್ಥ. ಎದೆಮೂಳೆ ನೇರವಾಗಿ, ಉದ್ದವಾಗಿ ಹಿಂದಕ್ಕೆ ಚಾಚಿರಬೇಕು. ಅದರ ಎರಡು ಮಗ್ಗುಲಲ್ಲಿ ಮಾಂಸ ದುಂಡಗೆ ಕೂತಿರಬೇಕು, ಮೂಳೆ ಕತ್ತಿಯ ಅಂಚಿನಂತೆ ಕೈಗೆ ಹತ್ತಬಾರದು. ಎರಡು ಕಾಲುಗಳ ನಡುವೆ ಸಾಕಷ್ಟು ಅಂತರವಿರಬೇಕು. ಮಂಡಿ ಒಳಕ್ಕೆ ತಾಗುವ ಹುಂಜ ಹೇಂಟೆಯ ಮೇಲೆ ಸರಿಯಾಗಿ ನಿಲ್ಲಲಾರದು.

ನೆಲಕ್ಕೆ ಬಿಟ್ಟ ಮೇಲೆ ನಡಿಗೆ ನೋಡಬೇಕು. ಹಿಂಬೆರಳು ನೆಲಕ್ಕೆ ತಾಗಿ ಹಿಂದಕ್ಕೆ ಚಾಚಿರಬೇಕು. ಅದು ಮುಂದಕ್ಕೆ ತಿರುಗಿದ್ದರೆ ಬಹುತೇಕ ಎಲ್ಲ ತಳಿಗಳಲ್ಲೂ ದೋಷ. ರೆಕ್ಕೆ ಬಿಡಿಸಿದಾಗ ಹೊರಗರಿಗಳಿಗೂ ಒಳಗರಿಗಳಿಗೂ ನಡುವೆ ಬಿರುಕು ಕಂಡರೆ ಅದು ಸೀಳುರೆಕ್ಕೆ. ಬಾಲ ನೆಟ್ಟಗೆ ನಿಲ್ಲುವುದಕ್ಕಿಂತ ಮುಂದಕ್ಕೆ, ತಲೆಯ ಕಡೆಗೆ ಬಾಗಿದ್ದರೂ ದೋಷವೇ.

ಜುಟ್ಟು, ಕಾಲು, ಬಣ್ಣ

ಜುಟ್ಟು ಅನುವಂಶ ವಿಜ್ಞಾನದ ಹಳೆಯ ಪಾಠ. ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ವಿಲಿಯಂ ಬೇಟ್‌ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳಿಂದ. ಬಟಾಣಿ ಜುಟ್ಟು ಮತ್ತು ಗುಲಾಬಿ ಜುಟ್ಟು ಎರಡೂ ಒಂಟಿ ಜುಟ್ಟಿನ ಮೇಲೆ ಪ್ರಬಲ. ಎರಡೂ ಸೇರಿದರೆ ಅಕ್ರೋಟಿನಂಥ ಗುಬುಟು ಜುಟ್ಟು. ಅಸೀಲ್‌ನ ಲಕ್ಷಣವಾದ ಬಟಾಣಿ ಜುಟ್ಟಿಗೆ ಕಾರಣ ಎಸ್‌ಓಎಕ್ಸ್5 ವಂಶವಾಹಿಯೊಳಗಿನ ಬದಲಾವಣೆ ಎಂದು 2009ರಲ್ಲಿ ಗೊತ್ತಾಯಿತು. ಪ್ರಬಲ ಗುಣವಾದ್ದರಿಂದ ಮಿಶ್ರರಕ್ತದ ಹುಂಜವೂ ಬಟಾಣಿ ಜುಟ್ಟು ಹೊತ್ತಿರಬಹುದು. ಅದರ ಮರಿಗಳಲ್ಲಿ ಒಂಟಿ ಜುಟ್ಟು ಇಣುಕಿದಾಗಲೇ ಗುಟ್ಟು ಬಯಲಾಗುವುದು.

ಗುಲಾಬಿ ಜುಟ್ಟು ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಈ ಗುಣದ ಎರಡೂ ಪ್ರತಿಗಳಿರುವ, ಅಂದರೆ ಮಾನದಂಡದ ಕಣ್ಣಿಗೆ ಅತಿಶುದ್ಧವಾದ, ಹುಂಜಗಳ ವೀರ್ಯಾಣುಗಳ ಚಲನೆ ಕುಂದಿರುತ್ತದೆ. 2012ರ ಸಂಶೋಧನೆ ಇದರ ಕಾರಣವನ್ನು ವರ್ಣತಂತುವಿನ ಒಂದು ತುಂಡು ತಲೆಕೆಳಗಾದುದರಲ್ಲಿ ಕಂಡಿತು. ಹಳಬ ಸಾಕಣೆಗಾರರು ಒಂಟಿ ಜುಟ್ಟಿನ ಕೆಲವು ಹಕ್ಕಿಗಳನ್ನು ಗುಂಪಿನಲ್ಲೇ ಉಳಿಸಿಕೊಳ್ಳುತ್ತಿದ್ದ ರೂಢಿಯ ಹಿಂದೆ ಈ ಅನುಭವವಿದೆ. ಮಾನದಂಡವನ್ನು ಅಕ್ಷರಶಃ ಹಿಂಬಾಲಿಸಿದರೆ ಬರಡು ಮೊಟ್ಟೆಗಳು ಹೆಚ್ಚಬಹುದು.

ಕಾಲಿನ ಬಣ್ಣಕ್ಕೂ ಕಥೆಯಿದೆ. ಸಾಕುಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮ, ಹಳದಿ ಕಾಲಿನ ಗುಣ ಬಂದದ್ದು ನಮ್ಮ ಸಹ್ಯಾದ್ರಿಯಲ್ಲೂ ಬದುಕುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ಥಿರಪಟ್ಟಿತು. ಹಳದಿ ಅಪ್ರಬಲ ಗುಣ. ಬಿಳಿ ಕಾಲಿನ ಹುಂಜ ಅದನ್ನು ಹೊತ್ತು ತಿರುಗಬಲ್ಲದು. ಮೇವಿನಲ್ಲಿ ಹಸಿರು ಸೊಪ್ಪು, ಹಳದಿ ಜೋಳ ಕಡಿಮೆಯಾದರೂ ಕಾಲು ಬಿಳಿಚುವುದರಿಂದ, ಒಂದೇ ಮೇವಿನಲ್ಲಿ ಬೆಳೆದವುಗಳನ್ನು ಮಾತ್ರ ಹೋಲಿಸಬೇಕು. ಕಡಕ್‌ನಾಥ್ ತಳಿಯಲ್ಲಿ ಚರ್ಮ, ಜುಟ್ಟು, ಮೂಳೆಯ ಹೊದಿಕೆ, ಒಳಾಂಗಗಳೂ ಕಪ್ಪು. ಅದರ ಹುಂಜವನ್ನು ಪರೀಕ್ಷಿಸುವಾಗ ಗರಿ ಸರಿಸಿ ಚರ್ಮ, ಬಾಯಿ ತೆರೆದು ನಾಲಗೆ, ಪಾದದ ಅಡಿ ನೋಡುತ್ತಾರೆ. ಕರಿಗರಿ ಹೊತ್ತು ಒಳಗೆ ಕೆಂಪಾಗಿರುವ ಮಿಶ್ರ ಹುಂಜಗಳು ಸಂತೆಯಲ್ಲಿ ಕಡಿಮೆಯೇನಿಲ್ಲ.

ದೋಷ ರಕ್ತದ್ದೋ, ಸಾಕಣೆಯದ್ದೋ

ತಿರಸ್ಕರಿಸುವ ಮುನ್ನ ಈ ಪ್ರಶ್ನೆ ಕೇಳಿಕೊಳ್ಳಬೇಕು. ಬೆರಳು ಒಳಕ್ಕೆ ಮುದುರಿದ್ದರೆ ಕಾರಣ ರಿಬೊಫ್ಲೇವಿನ್ ಕೊರತೆ ಇರಬಹುದು. ಮಂಡಿಯ ಸ್ನಾಯುರಜ್ಜು ಜಾರಿ ಕಾಲು ಹೊರಕ್ಕೆ ತಿರುಗುವುದು ಮ್ಯಾಂಗನೀಸ್ ಕೊರತೆಯಿಂದಲೂ ಆಗುತ್ತದೆ. ಎಳೆಯದರಲ್ಲೇ ತೆಳುಕೋಲಿನ ಮೇಲೆ ಮಲಗಿದ ಮರಿಯ ಎದೆಮೂಳೆ ಡೊಂಕಾಗಬಲ್ಲದು. ಸಿಡುಬಿನ ಕಲೆ ಜುಟ್ಟಿನ ಆಕಾರ ಕೆಡಿಸುತ್ತದೆ. ಒಂದೇ ಗೂಡಿನ ಹಲವು ತಾಯಂದಿರ ಮರಿಗಳಲ್ಲಿ ಒಟ್ಟಿಗೆ ಕಂಡ ದೋಷ ಬಹುತೇಕ ಸಾಕಣೆಯದು. ಒಂದೇ ತಂದೆಯ ಮಕ್ಕಳಲ್ಲಿ, ಬೇರೆ ಬೇರೆ ಕಾವುಗಳಲ್ಲಿ ಮತ್ತೆ ಮತ್ತೆ ಕಂಡರೆ ಅದು ರಕ್ತದ್ದು. ಅಡ್ಡಕೊಕ್ಕು, ಓರೆಬಾಲಗಳ ವಿಷಯದಲ್ಲಿ ಮಾತ್ರ ಸಂಶಯದ ಲಾಭ ಕೊಡದಿರುವುದೇ ವಾಡಿಕೆ.

ಸ್ವಭಾವ ಮತ್ತು ಫಲವತ್ತತೆ

ಒಳ್ಳೆಯ ಹುಂಜ ಮೇವು ಸಿಕ್ಕಾಗ ಹೇಂಟೆಗಳನ್ನು ಕೂಗಿ ಕರೆಯುತ್ತದೆ, ಹದ್ದು ಸುಳಿದರೆ ಎಚ್ಚರಿಸುತ್ತದೆ, ಹೇಂಟೆಗಳ ಬೆನ್ನು ಬೋಳಿಸುವುದಿಲ್ಲ. ಸಾಕಿದವರ ಮೇಲೆಯೇ ಎರಗುವ ಹುಂಜವನ್ನು ಎಷ್ಟೇ ಅಂದವಿದ್ದರೂ ಅನೇಕರು ತಳಿಗೆ ಬಿಡುವುದಿಲ್ಲ; ಸಿಟ್ಟೂ ಭಾಗಶಃ ವಂಶದಲ್ಲಿ ಹರಿಯುತ್ತದೆ. ಕಾಳಗದ ತಳಿಗಳಲ್ಲಿ ಹುಂಜ ಹುಂಜಗಳ ನಡುವಿನ ಜಗಳ ಸಹಜವೇ. ಮನುಷ್ಯರ ಕೈಯಲ್ಲಿ ಅಸೀಲ್ ಸಾಮಾನ್ಯವಾಗಿ ಸೌಮ್ಯ.

ಫಲವತ್ತತೆಯನ್ನು ಮೈ ನೋಡಿ ಹೇಳಲಾಗದು. ಹುಂಜವನ್ನು ಬಿಟ್ಟು ಒಂದು ವಾರದ ಮೇಲೆ ಇಟ್ಟ ಮೊಟ್ಟೆಗಳನ್ನು ಕಾವಿಗಿಟ್ಟು, ಏಳನೆಯ ದಿನ ಬೆಳಕಿಗೆ ಹಿಡಿದು ಎಷ್ಟರಲ್ಲಿ ರಕ್ತನಾಳಗಳ ಜಾಲ ಕಟ್ಟಿದೆ ಎಂದು ಎಣಿಸುವುದೇ ಪರೀಕ್ಷೆ. ಹೇಂಟೆಯ ಗರ್ಭನಾಳದಲ್ಲಿ ವೀರ್ಯ ಎರಡು ಮೂರು ವಾರ ಉಳಿಯುತ್ತದೆ. ಆದ್ದರಿಂದ ಹುಂಜ ಬದಲಿಸಿದಾಗ ಮೂರು ವಾರ ಕಾಯದೆ ಮೊಟ್ಟೆ ಎತ್ತಿಟ್ಟರೆ ಮರಿಯ ತಂದೆ ಯಾರೆಂದು ಹೇಳಲಾಗದು. ತಳಿ ಹುಂಜವನ್ನು ಪುಲ್ಲೋರಂ ರೋಗಕ್ಕೆ ರಕ್ತಪರೀಕ್ಷೆ ಮಾಡಿಸುವುದೂ ಅಗತ್ಯ. ಈ ಸಾಲ್ಮೊನೆಲ್ಲಾ ಸೋಂಕು ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ.

ಕೊನೆಯ ತೀರ್ಪು ಮಕ್ಕಳದು. ಮೊಟ್ಟೆಯ ಸಂಖ್ಯೆಯಂಥ ಗುಣ ಹುಂಜದಲ್ಲಿ ಕಾಣುವುದೇ ಇಲ್ಲ, ಅದರ ಅನುವಂಶೀಯತೆಯೂ ಕಡಿಮೆ. ತಾಯಿ, ಅಕ್ಕತಂಗಿಯರು, ಆಮೇಲೆ ಹೆಣ್ಣುಮಕ್ಕಳು ಎಷ್ಟು ಇಟ್ಟವು ಎಂಬ ಲೆಕ್ಕದಿಂದಲೇ ಅದನ್ನು ಅಂದಾಜಿಸಬೇಕು. ಎರಡನೆಯ ವರ್ಷಕ್ಕೆ ಹುಂಜವನ್ನು ಜೀವಂತ ಇಟ್ಟುಕೊಂಡವನಿಗೆ ಮಾತ್ರ ಈ ದಾಖಲೆ ಉಪಯೋಗಕ್ಕೆ ಬರುತ್ತದೆ.

ಕರ್ನಾಟಕದ ತಳಿಗಳು ಮತ್ತು ಸಂಸ್ಥೆಗಳು

ಅಸೀಲ್ ದಕ್ಷಿಣ ಭಾರತದ ಕಾಳಗದ ತಳಿಗಳಲ್ಲಿ ಮುಖ್ಯವಾದುದು. ಭಾರತೀಯ ಪಠ್ಯಗಳಲ್ಲಿ ಬಲಿತ ಹುಂಜಕ್ಕೆ 4ರಿಂದ 5 ಕಿಲೋ, ಹೇಂಟೆಗೆ 3ರಿಂದ 4 ಕಿಲೋ ತೂಕ ಹೇಳಿದೆ. ಸಣ್ಣ ಬಟಾಣಿ ಜುಟ್ಟು, ಇಲ್ಲವೆನ್ನಿಸುವಷ್ಟು ಚಿಕ್ಕ ಗಂಟಲ ಜೋಲು, ಉದ್ದ ಕತ್ತು, ಬಿಗಿಯಾಗಿ ಅಂಟಿದ ಗರಿ, ಗಟ್ಟಿ ಕಾಲು ಇದರ ಲಕ್ಷಣ. ಪೀಲಾ, ಯಾಕೂಬ್, ನೂರಿ, ಕಾಗರ್, ಚಿತ್ತಾ, ಜಾವಾ, ಸಬ್ಜಾ, ಟೀಕರ್, ರೆಝಾ ಇವು ಬಣ್ಣದಿಂದ ಗುರುತಿಸುವ ಬಗೆಗಳು. ವರ್ಷಕ್ಕೆ ತೊಂಬತ್ತರ ಆಸುಪಾಸು ಮೊಟ್ಟೆ ಮಾತ್ರ ಇಡುವುದರಿಂದ ಒಂದು ಹುಂಜಕ್ಕೆ ಸಿಗುವ ಮಕ್ಕಳೂ ಕಡಿಮೆ, ಆರಿಸಿಕೊಳ್ಳುವ ಅವಕಾಶವೂ ಕಡಿಮೆ. ನೋಂದಾಯಿತ ಘಾಗಸ್ ತಳಿಯ ನೆಲೆ ಆಂಧ್ರಪ್ರದೇಶ ಮತ್ತು ಕರ್ನಾಟಕ. ಕೋಲಾರದ ಗಡಿಭಾಗ ಅದಕ್ಕೆ ಸೇರಿದೆ.

ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ. ಹಿತ್ತಲಿಗೆಂದು ರೂಪಿಸಿದ ಕಾವೇರಿ ಕೋಳಿ ಅಲ್ಲಿಯದು. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ 1989ರಲ್ಲಿ ಗಿರಿರಾಜ, ಆಮೇಲೆ 2005ರಲ್ಲಿ ಸ್ವರ್ಣಧಾರಾ ಹೊರಬಂದವು. ಇವು ಬೇರೆ ಬೇರೆ ಸಾಲುಗಳ ಮಿಶ್ರಣದಿಂದ ಬಂದ ಕೋಳಿಗಳು. ಮೈತುಂಬಿದ ಗಿರಿರಾಜ ಹುಂಜವನ್ನು ಕಂಡು ರೈತರು ಅದನ್ನೇ ತಳಿಗೆ ಇಟ್ಟುಕೊಳ್ಳುವುದುಂಟು. ಮರುಪೀಳಿಗೆಯಲ್ಲಿ ಗುಣಗಳು ಚದುರಿಹೋಗಿ ಮರಿಗಳು ಅಪ್ಪನನ್ನು ಹೋಲುವುದಿಲ್ಲ. ಮಾನದಂಡದ ಆಯ್ಕೆ ಅರ್ಥಪೂರ್ಣವಾಗುವುದು ತನ್ನನ್ನು ತಾನೇ ಹೋಲುವ ಮರಿಗಳನ್ನು ಹುಟ್ಟಿಸುವ ತಳಿಯಲ್ಲಿ ಮಾತ್ರ.

ಠಾಣೆ–ಕಲ್ಯಾಣ ಪರಿಸರ

ಕರ್ನಾಟಕದಾಚೆ, ಮುಂಬಯಿ ಸುತ್ತಲಿನ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕರಾವಳಿ ಕನ್ನಡಿಗರಿಗೆ ಹುಂಜದ ಗುಣದೋಷದ ಮಾತು ಊರಿನ ಅಂಕದ ನೆನಪಿನಿಂದ ಬಂದದ್ದು. ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆ, ಚಾಳು, ಸೊಸೈಟಿಗಳ ನಡುವೆ ಒಂದು ಡಜನ್ ಎಳೆ ಹುಂಜಗಳನ್ನು ಇಪ್ಪತ್ನಾಲ್ಕು ವಾರ ಸಾಕಿ ನೋಡುವುದು ಕಷ್ಟ. ನಾಲ್ಕು ತಿಂಗಳಿಗೆ ಎಲ್ಲವೂ ಬೆಳಗಿನ ಜಾವ ಕೂಗತೊಡಗುತ್ತವೆ. ಆ ಕೆಲಸಕ್ಕೆ ಜಾಗವಿರುವುದು ಶಹಾಪುರ, ಮುರಬಾಡ್ ತಾಲ್ಲೂಕುಗಳ ಹಳ್ಳಿಗಳಲ್ಲಿ. ಮುಂಬಯಿಯ ಆರೇ ಕಾಲನಿಯಲ್ಲಿ ಹೆಸರಘಟ್ಟದ ಸಂಸ್ಥೆಯ ಪಶ್ಚಿಮ ವಲಯದ ಸೋದರ ಸಂಸ್ಥೆ ಇದೆ. ಮಹಾರಾಷ್ಟ್ರ–ಗುಜರಾತ್ ಗಡಿಯ ಬುಸ್ರಾ ಇಲ್ಲಿಗೆ ಹತ್ತಿರದ ನೋಂದಾಯಿತ ದೇಶೀ ತಳಿ.

ತಿರಸ್ಕೃತ ಹುಂಜಗಳಿಗೆ ಇಲ್ಲಿ ಒಳ್ಳೆಯ ಮಾರುಕಟ್ಟೆಯೂ ಇದೆ. ಶ್ರಾವಣಕ್ಕೆ ಮುಂಚಿನ ಗಟಾರಿ ಅಮಾವಾಸ್ಯೆಗೆ ಗಾವರಾನ್ (ನಾಟಿ) ಕೋಳಿಗೆ ಬೇಡಿಕೆ ಏರುತ್ತದೆ. ಬೇಸಿಗೆಯ ಮೊದಲಿಗೆ ಮರಿ ಎಬ್ಬಿಸಿದವರಿಗೆ ಹದಿನಾರು ವಾರದ ಪರೀಕ್ಷೆ ಮುಗಿಯುವುದೂ ಆ ಹೊತ್ತಿಗೇ. ತರಾತುರಿಯಲ್ಲಿ ಹೆಚ್ಚು ತೂಗುವ ಹುಂಜಗಳನ್ನೇ ಮಾರಿ, ಸಣ್ಣವನ್ನು ತಳಿಗೆ ಉಳಿಸುವ ತಪ್ಪು ಆಗುವುದು ಇಂಥಲ್ಲಿಯೇ. ಕೆಲವು ವರ್ಷಗಳಲ್ಲಿ ಇಡೀ ಹಿಂಡು ಕುಗ್ಗುತ್ತದೆ.

ಹೊರಗಿನಿಂದ ಹುಂಜ ತರುವವರಿಗೆ ರೋಗದ ಎಚ್ಚರ ಮುಖ್ಯ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿಕೊಂಡದ್ದು 2006ರಲ್ಲಿ, ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. 2022ರ ಫೆಬ್ರುವರಿಯಲ್ಲಿ ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನ ವೇಹಳೋಳಿಯಲ್ಲಿ ಅದು ಮತ್ತೆ ಕಂಡು, ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಹೊಸ ಹುಂಜವನ್ನು ಮೂರು ನಾಲ್ಕು ವಾರ ಬೇರೆಯೇ ಇಟ್ಟು, ರಾಣಿಖೇತ್ ರೋಗದ ಲಸಿಕೆ ಖಚಿತಪಡಿಸಿಕೊಂಡು ಹಿಂಡಿಗೆ ಸೇರಿಸುವುದು ವಾಡಿಕೆ.

ಕಾನೂನು ಮತ್ತು ತಳಿಯ ಮುಂದಿನ ದಾರಿ

1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪ್ರಾಣಿಗಳನ್ನು ಕಾಳಗಕ್ಕೆ ಹಚ್ಚುವುದನ್ನು ಅಪರಾಧವೆನ್ನುತ್ತದೆ. ಸುಪ್ರೀಂ ಕೋರ್ಟಿನ 2014ರ ಜಲ್ಲಿಕಟ್ಟು ತೀರ್ಪು ಅದನ್ನು ಬಿಗಿಗೊಳಿಸಿತು. ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿ ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟಿತು. 2023ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೋಳಿ ಅಂಕ ಅದರಲ್ಲಿ ಸೇರಿಲ್ಲ.

ಶತಮಾನಗಳ ಕಾಲ ಅಸೀಲ್‌ನ ಗಟ್ಟಿ ಮೂಳೆ, ಅಗಲ ಎದೆ, ಬಿಗಿ ಗರಿಗಳನ್ನು ಕಾಪಾಡಿದ್ದು ಕಣ. ದುರ್ಬಲ ಹುಂಜಕ್ಕೆ ಅಲ್ಲಿ ಮಕ್ಕಳಾಗುವ ಅವಕಾಶವಿರಲಿಲ್ಲ. ಇಂಗ್ಲೆಂಡಿನಲ್ಲಿ ಕಾಳಗ ನಿಂತ ಮೇಲೆ ಅಲ್ಲಿನ ಕಾಳಗದ ಕೋಳಿ ಪ್ರದರ್ಶನಕಾರರ ಕೈಗೆ ಸಿಕ್ಕಿ, ಕಾಲು ಕತ್ತು ಮಿತಿಮೀರಿ ಉದ್ದವಾದ, ಎದೆ ಸೊರಗಿದ ಮಾಡರ್ನ್ ಗೇಮ್ ಎಂಬ ಅಲಂಕಾರದ ತಳಿಯಾಯಿತು. ಅಸೀಲ್‌ಗೂ ಅದೇ ದಾರಿ ತೆರೆದಿದೆ. ಉದ್ದ ಕಾಲು, ಎತ್ತರದ ನಿಲುವಿನ ಹುಂಜಗಳಿಗೇ ಬೆಲೆ ಕಟ್ಟಿದರೆ ತಳಿ ಆ ಕಡೆಗೇ ಸರಿಯುತ್ತದೆ. ಕಣ ಮಾಡುತ್ತಿದ್ದ ಜರಡಿಯ ಕೆಲಸವನ್ನು ಈಗ ತೂಕದ ಪುಸ್ತಕ, ಎದೆಮೂಳೆಯ ಮೇಲೆ ಆಡುವ ಬೆರಳು, ಕಾವಿಗಿಟ್ಟ ಮೊಟ್ಟೆಗಳ ಲೆಕ್ಕ ಇವೇ ಮಾಡಬೇಕು.